ಬೆತ್ತಲೆ ಊರಿನ ಕಟ್ಟುಪಾಡು

ನಾನು ಜರ್ಮನಿಯಲ್ಲಿ ಹಲವು ವರ್ಷ ಇದ್ದು ಬಂದವಳು ಎಂದು ಗೊತ್ತಾದಾಗಿನಿಂದ ಈ ಅಂಕಣದ ಓದುಗರು ಅಲ್ಲಿಯ ಸಂಗತಿಗಳನ್ನು ಕೇಳುತ್ತಲೇ ಇರುತ್ತಾರೆ. ಅಲ್ಲೂ ರೈಲು ತಡವಾಗುತ್ತದಂತೆ ಹೌದೆ, ಭಾನುವಾರ ಅಂಗಡಿಯೆಲ್ಲ ಮುಚ್ಚಿರುತ್ತದಂತೆ ಹೌದೆ, ಇತ್ಯಾದಿ. ಇವುಗಳ ನಡುವೆ ಒಂದು ಪ್ರಶ್ನೆ ಮಾತ್ರ ಯಾವಾಗಲೂ ಪತ್ರದ ತುದಿಯಲ್ಲಿ, 'ತಪ್ಪು ತಿಳಿಯಬೇಡಿ ಮೇಡಂ' ಎಂಬ ಪೀಠಿಕೆ ಹೊತ್ತು ಬರುತ್ತದೆ. ಬಟ್ಟೆಯಿಲ್ಲದೆ ರಜೆ ಕಳೆಯುವ ರೆಸಾರ್ಟುಗಳು ಅಲ್ಲಿವೆಯಂತೆ, ಹೆಂಡತಿ ಮಕ್ಕಳು ಅಜ್ಜ ಅಜ್ಜಿ ಎಲ್ಲರೂ ಹೋಗುತ್ತಾರಂತೆ, ನಿಜವೇ? ನಿಜವಾದರೆ ಅಷ್ಟು ದುಡ್ಡು ಕೊಟ್ಟು ಅಲ್ಲಿ ಅವರು ಪಡೆಯುವುದಾದರೂ ಏನು? ಮೊದಲ ಪ್ರಶ್ನೆಗೆ ಹೌದು ಎಂದರೆ ಸಾಕು. ಎರಡನೆಯದಕ್ಕೆ ಸ್ವಲ್ಪ ಜಾಗ ಬೇಕು.

ನಾನು ಹತ್ತಿರದಿಂದ ನೋಡಿದ್ದು ಜರ್ಮನ್ನರು ರಜೆಗೆ ಹೋಗುವ ಕ್ರೊಯೇಷಿಯಾದ ಕೋವರ್ಸಾಡವನ್ನು. ಇಸ್ಟ್ರಿಯಾ ಪರ್ಯಾಯ ದ್ವೀಪದ ಪಶ್ಚಿಮ ತೀರದಲ್ಲಿ ವರ್ಸಾರ್ ಎಂಬ ಪುಟ್ಟ ಊರಿದೆ. ಅದರ ಮಗ್ಗುಲಲ್ಲೇ ಇರುವ ಈ ತಾಣ ಶುರುವಾದದ್ದು 1961ರಲ್ಲಿ. ಒಂದು ಚಿಕ್ಕ ನಡುಗಡ್ಡೆ, ಅದಕ್ಕೊಂದು ಕಾಲುಸೇತುವೆ, ದಡದ ಮೇಲೆ ಮರಗಳ ನೆರಳಲ್ಲಿ ಸಾಲು ಸಾಲು ಟೆಂಟು, ಕ್ಯಾರವಾನು, ಬಾಡಿಗೆ ಮನೆಗಳು. ನನ್ನನ್ನು ಅಲ್ಲಿಗೆ ಕರೆದೊಯ್ದವಳು ನಮ್ಮ ಆಫೀಸಿನ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿ. ಮೀಟಿಂಗಿಗೆ ಕಾಲರಿನ ತುದಿಗುಂಡಿಯನ್ನೂ ಬಿಡದೆ ಹಾಕಿಕೊಂಡು ಬರುವ, ಜೋರಾಗಿ ನಕ್ಕಿದ್ದನ್ನೇ ಯಾರೂ ಕಾಣದ ಹೆಂಗಸು. ಅವಳ ಕುಟುಂಬ ಪ್ರತಿ ಆಗಸ್ಟಿನಲ್ಲೂ ಅಲ್ಲಿಗೇ ಹೋಗುತ್ತದೆ, ಅವಳ ಅಪ್ಪ ಅಮ್ಮನ ಕಾಲದಿಂದಲೂ. 'ಯಾಕೆ ಹೋಗುತ್ತೀರಿ?' ಎಂದು ಕೇಳಿದ್ದಕ್ಕೆ, 'ಅಲ್ಲಿ ತುಂಬಾ ನಿಶ್ಶಬ್ದ' ಅಂದಳು. ಆಗ ಅದು ಪ್ರಶ್ನೆಯಿಂದ ನುಣುಚಿಕೊಳ್ಳುವ ಮಾತು ಅನಿಸಿತ್ತು. ಹೋಗಿ ನೋಡಿದ ಮೇಲೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ ಎಂದು ತಿಳಿಯಿತು.

ಬೆಳಿಗ್ಗೆ ಏಳೂವರೆಗೆ ಕ್ಯಾಂಪಿನ ಅಂಗಡಿಯ ಮುಂದೆ ಬ್ರೆಡ್ಡಿಗೆ ಸಾಲು ನಿಲ್ಲುತ್ತದೆ. ಗಲ್ಲದ ಮೇಲೆ ಹಾಗೇ ಬಿಟ್ಟ ಬಿಳಿಗಡ್ಡದ ಮುದುಕ, ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡ ತಾಯಿ, ಕೊರಳಿಗೆ ಪ್ಲಾಸ್ಟಿಕ್ ಡಬ್ಬಿ ನೇತುಹಾಕಿಕೊಂಡ ದಢೂತಿ ಮನುಷ್ಯ. ಜೇಬಿಲ್ಲವಲ್ಲ, ಚಿಲ್ಲರೆ ಮತ್ತು ಬೀಗದ ಕೈ ಆ ಡಬ್ಬಿಯಲ್ಲಿ. ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನಿಂತಿದ್ದರು. ಅವರ ಎದೆಯ ಎಡಭಾಗ ಸಪಾಟು. ಅಲ್ಲಿ ಕಂಕುಳವರೆಗೂ ಓಡಿದ ಹಳೆಯ ಹೊಲಿಗೆಯ ಗೆರೆಯೊಂದಿತ್ತು. ಆಕೆ ಗಾಜಿನ ಆಚೆಯ ರೊಟ್ಟಿಗಳಲ್ಲಿ ಯಾವುದು ಚೆನ್ನಾಗಿ ಬೆಂದಿದೆ ಎಂದು ಬಗ್ಗಿ ನೋಡಿ, 'ಅದಲ್ಲ, ಅದರ ಹಿಂದಿನದು' ಎಂದು ಅಂಗಡಿಯ ಹುಡುಗಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ಸಮವಸ್ತ್ರ ತೊಟ್ಟಿದ್ದ ಆ ಹುಡುಗಿ ಯಾವ ಭಾವವೂ ಇಲ್ಲದೆ ಅದನ್ನೇ ಎತ್ತಿ ಕಾಗದದಲ್ಲಿ ಸುತ್ತಿದಳು. ಸಾಲಿನಲ್ಲಿದ್ದವರ ಗಮನವೆಲ್ಲ ತಮ್ಮ ಸರದಿ ಬರುವ ಹೊತ್ತಿಗೆ ಎಳ್ಳು ಹಚ್ಚಿದ ಬನ್ನು ಮುಗಿದುಹೋದೀತೇ ಎಂಬುದರ ಮೇಲೆ.

ಈ ಊರಿನ ಸರಕು ಇದೇ. ಇಲ್ಲಿಗೆ ಬರುವವರು ಹಣ ಕೊಡುವುದು ಬೆತ್ತಲಾಗುವುದಕ್ಕೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಬೆತ್ತಲಾಗಲು ಬಚ್ಚಲುಮನೆ ಸಾಕು, ಅದಕ್ಕೆ ಆಲ್ಪ್ಸ್ ದಾಟಿ ಕಾರು ಓಡಿಸಬೇಕಿಲ್ಲ. ಅವರು ಕೊಳ್ಳುವುದು ತಮ್ಮನ್ನು ಯಾರೂ ಗಮನಿಸದ ಎರಡು ವಾರಗಳನ್ನು. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ದುಪಟ್ಟಾ ಎಳೆದುಕೊಳ್ಳುತ್ತ ಓಡಾಡಿದ ನನ್ನಂಥವಳಿಗೆ ಇದರ ಬೆಲೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮೈ ತುಂಬ ಬಟ್ಟೆ ಹಾಕಿಕೊಂಡೂ ತಪ್ಪಿಸಿಕೊಳ್ಳಲಾಗದ ನೋಟ, ಬಟ್ಟೆಯೇ ಇಲ್ಲದ ಕಡೆ ಇಲ್ಲವಾಗುವುದು ಹೇಗೆ? ನನ್ನ ಕುತೂಹಲವೆಲ್ಲ ಅಲ್ಲಿ ನೆಟ್ಟಿತ್ತು. ಉತ್ತರ ಸಿಕ್ಕಿದ್ದು ರಿಸೆಪ್ಷನ್ನಿನಲ್ಲಿ ಕೊಟ್ಟ ನಿಯಮಗಳ ಹಾಳೆಯಲ್ಲಿ.

ಇಂಥ ತಾಣಗಳ ನಿಯಮಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕುರ್ಚಿ, ಬೆಂಚು, ಎಲ್ಲೇ ಕೂರಲಿ, ಕೆಳಗೆ ನಿಮ್ಮ ಸ್ವಂತ ಟವೆಲ್ ಹಾಸಿರಬೇಕು. ಕೊಳಕ್ಕೆ ಇಳಿಯುವ ಮುನ್ನ ಸ್ನಾನ ಮಾಡಬೇಕು. ಫೋಟೊ ತೆಗೆಯುವಂತಿಲ್ಲ. ದಂಪತಿಗಳೇ ಆದರೂ ಸಾರ್ವಜನಿಕ ಜಾಗದಲ್ಲಿ ಕಾಮಚೇಷ್ಟೆ ನಡೆಸಿದರೆ ಗಂಟುಮೂಟೆ ಕಟ್ಟಿಸಿ ಕಳಿಸುತ್ತಾರೆ. ಯಾರನ್ನೂ ದಿಟ್ಟಿಸಿ ನೋಡಬಾರದು. ಒಂಟಿ ಗಂಡಸರು ಬಂದರೆ ಹಲವು ಕಡೆ ಹೆಚ್ಚು ವಿಚಾರಿಸುತ್ತಾರೆ, ಕೆಲವು ಕಡೆ ಸೇರಿಸುವುದೇ ಇಲ್ಲ. ಸಂಜೆಯ ಊಟಕ್ಕೆ ರೆಸ್ಟೋರೆಂಟಿಗೆ ಬರುವಾಗ ಎಷ್ಟೋ ಕಡೆ ಏನಾದರೂ ಉಟ್ಟುಕೊಂಡೇ ಬರಬೇಕು. ಟವೆಲ್ ಎಂಬುದು ಅಲ್ಲಿಯ ಮಡಿ. ನಮ್ಮ ಅಜ್ಜಿ ಮಡಿಪಂಚೆಗೆ ಯಾರೂ ತಾಕದಂತೆ ಕಾಯುತ್ತಿದ್ದ ಅದೇ ನಿಷ್ಠೆಯಿಂದ ಅಲ್ಲಿಯವರು ತಮ್ಮ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಾರೆ. ಬಟ್ಟೆಯ ಜೊತೆ ಕಟ್ಟುಪಾಡೂ ಕಳಚಿಹೋಗುತ್ತದೆ ಎಂದುಕೊಂಡು ಹೋದವರಿಗೆ ನಿರಾಶೆ ಖಂಡಿತ. ಅಷ್ಟು ಕಟ್ಟುನಿಟ್ಟಾದ ರಜಾತಾಣವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಕಟ್ಟುನಿಟ್ಟಿನ ಮೂಲ ತಿಳಿಯಬೇಕಾದರೆ ಇದು ಮೋಜಿಗಾಗಿ ಹುಟ್ಟಿದ್ದಲ್ಲ ಎಂಬುದನ್ನು ನೆನಪಿಡಬೇಕು. ಇದು ಹುಟ್ಟಿದ್ದು ಚಿಕಿತ್ಸೆಯಾಗಿ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಕಾರ್ಖಾನೆಗಳ ಹೊಗೆ, ಬಿಸಿಲು ಬೀಳದ ವಠಾರಗಳು, ಕ್ಷಯರೋಗ ಇವುಗಳಿಂದ ಬೇಸತ್ತ ಜನ ಗಾಳಿ, ಬೆಳಕು, ನೀರು, ಸಸ್ಯಾಹಾರದ ಕಡೆ ತಿರುಗಿದರು. ಅಡಾಲ್ಫ್ ಯುಸ್ಟ್ ಎಂಬವರು 1896ರಲ್ಲಿ ಹಾರ್ಟ್ಸ್ ಬೆಟ್ಟಗಳಲ್ಲಿ ಯುಂಗ್‌ಬಾರ್ನ್ ಎಂಬ ಆರೋಗ್ಯಧಾಮ ತೆರೆದರು. ಅಲ್ಲಿ ಮಣ್ಣಿನ ಪಟ್ಟಿ, ತಣ್ಣೀರು, ಮತ್ತು ಬರಿಮೈಗೆ ಗಾಳಿ ಬಿಸಿಲುಗಳ ಸ್ನಾನ. ಲೇಖಕ ಫ್ರಾಂಜ್ ಕಾಫ್ಕ 1912ರ ಬೇಸಿಗೆಯಲ್ಲಿ ಅಲ್ಲಿ ಕೆಲವು ವಾರ ಇದ್ದ. ಎಲ್ಲರೂ ಬಟ್ಟೆ ಬಿಚ್ಚಿ ಅಡ್ಡಾಡುತ್ತಿದ್ದರೆ ಅವನಿಗೆ ಮಾತ್ರ ಸಂಕೋಚ. ಹಾಗಾಗಿ ಅಲ್ಲಿಯವರು ತನ್ನನ್ನು ಈಜುಚಡ್ಡಿಯವನು ಎಂದು ಗುರುತಿಸುತ್ತಾರೆ ಎಂದು ಅವನು ಬರೆದುಕೊಂಡಿದ್ದಾನೆ.

ಈ ಯುಸ್ಟ್ ನಮಗೆ ದೂರದವರೇನಲ್ಲ. ಅವರ ಪುಸ್ತಕವನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿ, ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಹಾಕಿಕೊಂಡು ಮಲಬದ್ಧತೆಗೆ ಪರಿಹಾರ ಕಂಡುಕೊಂಡದ್ದನ್ನು ಆತ್ಮಕಥೆಯಲ್ಲೇ ಹೇಳಿದ್ದಾರೆ. ಗಾಂಧೀಜಿಯ ಮೂಲಕ ಪ್ರಕೃತಿ ಚಿಕಿತ್ಸೆ ದೇಶದಲ್ಲೆಲ್ಲ ಹಬ್ಬಿತು. ಉಜಿರೆಯಲ್ಲಿ ಅದಕ್ಕೊಂದು ಕಾಲೇಜೇ ಇದೆ. ನಮ್ಮ ಹಿರಿಯರು ಪ್ರಕೃತಿ ಚಿಕಿತ್ಸಾ ಕೇಂದ್ರದಲ್ಲಿ ಮಣ್ಣು ಮೆತ್ತಿಕೊಂಡು ಮಲಗುವುದಕ್ಕೂ ಕೋವರ್ಸಾಡದ ಬಂಡೆಗಳ ಮೇಲೆ ಜರ್ಮನ್ ಅಜ್ಜಂದಿರು ಬೆತ್ತಲೆ ಮಲಗುವುದಕ್ಕೂ ಬೇರು ಒಂದೇ ಕಡೆ ಇದೆ. ನಮ್ಮ ಕವಲು ಪಂಚೆ ಉಟ್ಟುಕೊಂಡು ಬೆಳೆಯಿತು, ಅಷ್ಟೆ.

ಜರ್ಮನಿಯಲ್ಲಿ ಇದಕ್ಕೆ ಎಫ್‌ಕೆಕೆ ಎಂದು ಹೆಸರು, ಮುಕ್ತ ದೇಹ ಸಂಸ್ಕೃತಿ ಎಂದರ್ಥ. ಶುರುವಿನಿಂದಲೂ ಅದು ಸಂಘ, ಸದಸ್ಯತ್ವ, ವ್ಯಾಯಾಮ, ಶಿಸ್ತುಗಳ ವ್ಯವಹಾರ. 1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದ ಕೂಡಲೇ ಅವರ ನಾಯಕರಲ್ಲೊಬ್ಬನಾದ ಗೋರಿಂಗ್ ಇದರ ವಿರುದ್ಧ ಸುತ್ತೋಲೆ ಹೊರಡಿಸಿದ. ಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಅಧಿಕಾರಿಗಳೂ ಬಾಲ್ಟಿಕ್ ಕಡಲತೀರದಲ್ಲಿ ನಿಷೇಧಕ್ಕೆ ಕೈಹಾಕಿದರು. ಜನ ಬಗ್ಗಲಿಲ್ಲ. ಕೊನೆಗೆ 1956ರಲ್ಲಿ ಗೊತ್ತುಮಾಡಿದ ಜಾಗಗಳಲ್ಲಿ ಬೆತ್ತಲೆ ಈಜಬಹುದು ಎಂದು ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಏನು ಓದಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಸರ್ಕಾರ ನಿರ್ಧರಿಸುತ್ತಿದ್ದ ದೇಶದಲ್ಲಿ ಮೈಯ ಮೇಲಿನ ಹಕ್ಕನ್ನು ಬಿಟ್ಟುಕೊಡಲು ಜನ ತಯಾರಿರಲಿಲ್ಲ. ಪೂರ್ವದಲ್ಲಿ ಬೆಳೆದ ನನ್ನ ಪರಿಚಯದವರು ಬಾಲ್ಯದ ಬೇಸಿಗೆ ಎಂದಾಗ ಮೊದಲು ಹೇಳುವುದು ಆ ಕಡಲನ್ನೇ.

ಚಿಕಿತ್ಸೆ ರಜೆಯಾಗಿ ಮಾರ್ಪಟ್ಟದ್ದು ಫ್ರಾನ್ಸಿನಲ್ಲಿ. ಗಾಸ್ತೋಂ ಮತ್ತು ಆಂದ್ರೆ ದುರ್ವಿಲ್ ಎಂಬ ವೈದ್ಯ ಸೋದರರು 1931ರಲ್ಲಿ ಮೆಡಿಟರೇನಿಯನ್ನಿನ ಇಲ್ ದ್ಯು ಲೆವಾಂ ದ್ವೀಪದಲ್ಲಿ ಹೆಲಿಯೊಪೊಲಿಸ್ ಎಂಬ ಹಳ್ಳಿ ಕಟ್ಟಿದರು. ಆ ದ್ವೀಪದ ಬಹುಭಾಗ ಇಂದು ಫ್ರೆಂಚ್ ಸೇನೆಯ ಕೈಯಲ್ಲಿದೆ, ಅಲ್ಲಿ ಕ್ಷಿಪಣಿ ಪರೀಕ್ಷೆ ನಡೆಯುತ್ತದೆ. ಒಂದೇ ದ್ವೀಪದಲ್ಲಿ ಬೇಲಿಯ ಈಚೆ ಬೆತ್ತಲೆ ಪ್ರವಾಸಿಗರು, ಆಚೆ ಸಮವಸ್ತ್ರದ ಸೈನಿಕರು. ಆಮೇಲೆ 1950ರಲ್ಲಿ ಆಲ್ಬೇರ್ ಮತ್ತು ಕ್ರಿಸ್ಟಿಯಾನ್ ಲೆಕಾಕ್ ದಂಪತಿ ಅಟ್ಲಾಂಟಿಕ್ ತೀರದ ಮೊಂತಾಲಿವೆಯಲ್ಲಿ ಕುಟುಂಬಗಳು ಟೆಂಟು ಹಾಕಿ ತಂಗುವ ರಜಾಕೇಂದ್ರ ತೆರೆದರು. ಇಂದಿನ ಎಲ್ಲ ನೇಚರಿಸ್ಟ್, ಅಂದರೆ ಬೆತ್ತಲೆ ರಜೆಯ, ರೆಸಾರ್ಟುಗಳಿಗೂ ಅದೇ ಮಾದರಿ. 1953ರಲ್ಲಿ ಅಂತರರಾಷ್ಟ್ರೀಯ ನೇಚರಿಸ್ಟ್ ಒಕ್ಕೂಟ ಹುಟ್ಟಿದ್ದೂ ಅಲ್ಲೇ. ಕೋವರ್ಸಾಡದ ಹಿಂದಿನ ಲೆಕ್ಕಾಚಾರ ಇನ್ನೂ ಸರಳ. ಟಿಟೊ ಆಳುತ್ತಿದ್ದ ಯುಗೊಸ್ಲಾವಿಯಾಕ್ಕೆ ವಿದೇಶಿ ಹಣ ಬೇಕಿತ್ತು, ಜರ್ಮನ್ನರಿಗೆ ಬಿಸಿಲು ಬೇಕಿತ್ತು. ಊರಿನ ಜನ ಹೋಟೆಲಿನಲ್ಲಿ ಬಟ್ಟೆ ಹಾಕಿಕೊಂಡು ಕೆಲಸ ಮಾಡಿದರು, ಅತಿಥಿಗಳು ಬಟ್ಟೆ ಬಿಚ್ಚಿ ಮಾರ್ಕುಗಳನ್ನು ಖರ್ಚು ಮಾಡಿದರು. ಇಬ್ಬರಿಗೂ ದೂರಿರಲಿಲ್ಲ.

ಹಾಗಾದರೆ ಇಂದು ಬರುವವರು ಏನು ಬಯಸಿ ಬರುತ್ತಾರೆ? ನಾನು ಕೇಳಿದಾಗ ಸಿಕ್ಕ ಉತ್ತರಗಳಲ್ಲಿ ಹೆಚ್ಚಿನವು ಬಹಳ ಸಾದಾ. ಆರು ತಿಂಗಳು ಕೋಟು, ಸ್ವೆಟರು, ಕಾಲುಚೀಲಗಳಲ್ಲಿ ಕಳೆಯುವವರಿಗೆ ಮೈಯೆಲ್ಲ ಬಿಸಿಲು ಬೇಕು. ಉಪ್ಪುನೀರಿನಲ್ಲಿ ಈಜಿ ಬಂದಮೇಲೆ ಒದ್ದೆ ಈಜುಡುಗೆ ಮೈಗಂಟಿಕೊಂಡು ಕೆರೆಸುವುದು ಬೇಡ. ಪ್ರತಿ ವರ್ಷ ಅದೇ ಮರದ ಕೆಳಗೆ ಅದೇ ಜಾಗ, ಪಕ್ಕದಲ್ಲಿ ಅದೇ ಡಚ್ ಕುಟುಂಬ ಬೇಕು. ಮಕ್ಕಳನ್ನು ಬೆಳಿಗ್ಗೆ ಬಿಟ್ಟರೆ ಊಟದ ಹೊತ್ತಿಗೆ ತಾವಾಗಿ ಮರಳುವಷ್ಟು ಸುರಕ್ಷಿತ ಆವರಣ ಬೇಕು. ನಮ್ಮ ಸಹೋದ್ಯೋಗಿಯ ಗಂಡ ಹೇಳಿದ್ದು: 'ನನ್ನ ಸೂಟ್‌ಕೇಸ್ ನೋಡು, ಎಷ್ಟು ಹಗುರ!' ಯಾರೂ ತತ್ತ್ವ ಮಾತನಾಡಲಿಲ್ಲ. ಸಂಜೆ ಅವನು ಒಲೆಯ ಮುಂದೆ ಮೀನು ಹುರಿಯಲು ನಿಂತಾಗ ಮಾತ್ರ ದಪ್ಪ ಏಪ್ರನ್ ಕಟ್ಟಿಕೊಂಡಿದ್ದ. ಬಿಸಿ ಎಣ್ಣೆಯ ಎದುರಿಗೆ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ.

ಸಾದಾ ಉತ್ತರಗಳ ಅಡಿಯಲ್ಲಿ ಇನ್ನೊಂದು ಬಯಕೆ ಇದೆ. ಅದನ್ನು ಹೆಚ್ಚಾಗಿ ಹೇಳಿದವರು ಹೆಂಗಸರು. ಜಾಹೀರಾತಿನ ಮೈಗಳನ್ನೇ ನೋಡಿ ಬೆಳೆದವರಿಗೆ ನಿಜವಾದ ಮೈಗಳು ಹೇಗಿರುತ್ತವೆ ಎಂಬುದೇ ಗೊತ್ತಿರುವುದಿಲ್ಲ. ಹೆರಿಗೆಯ ಗೆರೆಗಳು, ಜೋತ ಹೊಟ್ಟೆ, ಶಸ್ತ್ರಚಿಕಿತ್ಸೆಯ ಗಾಯ, ಉಬ್ಬಿದ ನರಗಳು, ವಯಸ್ಸು. ಒಂದು ದಿನವಿಡೀ ಇವನ್ನು ಕಂಡರೆ ಸ್ವಂತ ಮೈಯ ಮೇಲಿನ ಮುನಿಸು ತಾನಾಗಿ ಇಳಿಯುತ್ತದೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನೋವಿಜ್ಞಾನಿ ಕಿಯಾನ್ ವೆಸ್ಟ್ ಬ್ರಿಟನ್ನಿನ 849 ಜನರನ್ನು ವಿಚಾರಿಸಿ, ಇಂಥ ಚಟುವಟಿಕೆಯಲ್ಲಿ ಹೆಚ್ಚು ತೊಡಗಿದವರಿಗೆ ತಮ್ಮ ದೇಹದ ಬಗ್ಗೆಯೂ ಬದುಕಿನ ಬಗ್ಗೆಯೂ ಹೆಚ್ಚು ಸಮಾಧಾನವಿದೆ ಎಂದು ಬರೆದಿದ್ದಾರೆ. ಸಮಾಧಾನ ಇದ್ದವರೇ ಅಲ್ಲಿಗೆ ಹೋಗುತ್ತಾರೋ, ಹೋದವರಿಗೆ ಸಮಾಧಾನ ಸಿಗುತ್ತದೋ ಎಂಬ ಸಂಶಯ ಇಂಥ ಸಮೀಕ್ಷೆಗಳಿಗೆ ಇದ್ದದ್ದೇ. ಅದಕ್ಕಾಗಿ ಅವರು ನೇಚರಿಸ್ಟ್ ಕಾರ್ಯಕ್ರಮಗಳಿಗೆ ಹೋದವರನ್ನು ಮೊದಲೂ ಆಮೇಲೂ ವಿಚಾರಿಸಿದರು, ಅಲ್ಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು. ಬ್ರೆಡ್ಡಿನ ಸಾಲಿನ ಅಜ್ಜಿಯನ್ನು ನೋಡಿದ ನನಗೆ ಅದು ಆಶ್ಚರ್ಯವೆನಿಸಲಿಲ್ಲ.

ಹಾಗೆಂದು ಅದನ್ನು ಸಮಾನತೆಯ ಸ್ವರ್ಗ ಎಂದು ಹೊಗಳುವವಳು ನಾನಲ್ಲ. ಬಟ್ಟೆ ಹೋದರೆ ಅಂತಸ್ತು ಹೋಗುತ್ತದೆ ಎಂದು ಅಲ್ಲಿಯ ಹಳಬರು ಹೆಮ್ಮೆಯಿಂದ ಹೇಳುತ್ತಾರೆ. ಪಕ್ಕದಲ್ಲಿ ಮಲಗಿರುವವರು ನ್ಯಾಯಾಧೀಶರೋ ನಲ್ಲಿ ರಿಪೇರಿಯವರೋ ತಿಳಿಯದು ಎಂಬುದು ಅವರ ಅಚ್ಚುಮೆಚ್ಚಿನ ಮಾತು. ಸ್ವಲ್ಪಮಟ್ಟಿಗೆ ನಿಜ. ಆದರೆ ಅವರ ಕ್ಯಾರವಾನಿನ ಉದ್ದ ನೋಡಿದರೆ ಸಂಬಳ ತಿಳಿಯುತ್ತದೆ, ಮುಂಗೈ ಗಡಿಯಾರವೂ ಸುಳಿವು ಕೊಡುತ್ತದೆ. ಬಂದವರಲ್ಲಿ ಹೆಚ್ಚಿನವರು ಬಿಳಿಯರು, ನಡುವಯಸ್ಸು ದಾಟಿದವರು. ಮೊದಲ ದಿನ ನನ್ನ ಕಡೆಗೂ ಕೆಲವು ಕಣ್ಣುಗಳು ತಿರುಗಿದವು. ನಾನು ಸೊಂಟಕ್ಕೊಂದು ಹತ್ತಿಬಟ್ಟೆ ಸುತ್ತಿಕೊಂಡಿದ್ದಕ್ಕಲ್ಲ, ಹೊಸಬರು ಹಾಗೆ ಇರುವುದು ಅವರಿಗೆ ಮಾಮೂಲು. ಅವರು ನೋಡಿದ್ದು ನನ್ನ ಕಂದು ಬಣ್ಣವನ್ನು. ಬಿಸಿಲಿನಲ್ಲಿ ಕಂದಾಗಲೆಂದೇ ಅಷ್ಟು ದೂರ ಬಂದವರ ನಡುವೆ ಆ ಕುತೂಹಲದ ತಮಾಷೆ ನನಗೊಬ್ಬಳಿಗೇ ಕಂಡಿರಬೇಕು. ಎರಡನೆಯ ದಿನಕ್ಕೆ ಅದೂ ಮುಗಿಯಿತು.

ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಫ್ರಾನ್ಸಿನಲ್ಲೇ ಇದೆ. ದಕ್ಷಿಣ ತೀರದ ಕಾಪ್ ದಾಗ್ದ್‌ನಲ್ಲಿ ಇಡೀ ಬಡಾವಣೆಯಷ್ಟು ದೊಡ್ಡ ನೇಚರಿಸ್ಟ್ ಹಳ್ಳಿಯಿದೆ. ಬ್ಯಾಂಕು, ಅಂಚೆ, ಕ್ಷೌರದಂಗಡಿ ಎಲ್ಲ ಇರುವ ಊರು. ಕುಟುಂಬಗಳ ಕ್ಯಾಂಪಾಗಿ ಶುರುವಾದ ಆ ಜಾಗಕ್ಕೆ ಕಳೆದ ಕೆಲವು ದಶಕಗಳಲ್ಲಿ ಸಂಗಾತಿಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ಲಬ್ಬುಗಳ ಗಿರಾಕಿಗಳು ಬರತೊಡಗಿದರು. ರಾತ್ರಿಯ ವ್ಯಾಪಾರ ಬೆಳೆಯಿತು, ಹಳೆಯ ಕುಟುಂಬಗಳು ದೂರು ಹೇಳುತ್ತ ಒಂದೊಂದಾಗಿ ಜಾಗ ಬದಲಿಸಿದವು. ಇಂದು ಆ ಹೆಸರು ಹೇಳಿದರೆ ಕೋವರ್ಸಾಡದವರು ಮುಖ ಸಿಂಡರಿಸುತ್ತಾರೆ. ವಯಸ್ಕರು ತಮ್ಮ ಖುಷಿಗೆ ಮಾಡಿಕೊಳ್ಳುವುದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಎರಡು ಬಯಕೆಗಳು ಒಂದೇ ಆವರಣದಲ್ಲಿ ಬಾಳಲಾರವು. ಒಂದಕ್ಕೆ ಯಾರೂ ನೋಡಬಾರದು, ಇನ್ನೊಂದಕ್ಕೆ ನೋಡುವವರು ಬೇಕು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬೆತ್ತಲೆ. ನಮ್ಮ ಓದುಗರ 'ತಪ್ಪು ತಿಳಿಯಬೇಡಿ' ಹುಟ್ಟುವುದು ಇವೆರಡನ್ನೂ ಕಲಸಿದ್ದರಿಂದಲೇ.

ಈಗಿನ ದೊಡ್ಡ ತಲೆನೋವು ಮೊಬೈಲ್. ಕ್ಯಾಮೆರಾ ಬೇಡ ಎನ್ನುವುದು ಹಿಂದೆ ಸುಲಭವಿತ್ತು. ಈಗ ಬ್ಯಾಂಕು, ಪುಸ್ತಕ, ಬೀಗದ ಕೈ ಎಲ್ಲವೂ ಕ್ಯಾಮೆರಾ ಇರುವ ಅದೇ ಯಂತ್ರದಲ್ಲಿ. ಕೆಲವೆಡೆ ಲೆನ್ಸಿನ ಮೇಲೆ ಸ್ಟಿಕ್ಕರ್ ಅಂಟಿಸುತ್ತಾರೆ, ಕೆಲವೆಡೆ ಕೊಳದ ಸುತ್ತ ಫೋನ್ ತೆಗೆಯಲೇಬಾರದು ಎನ್ನುತ್ತಾರೆ. ಜರ್ಮನಿಯ ಹಳೆಯ ಎಫ್‌ಕೆಕೆ ಸಂಘಗಳಲ್ಲಿ ತಲೆ ನರೆತವರೇ ಹೆಚ್ಚು, ಯುವಜನ ಸೇರುವುದು ಕಡಿಮೆಯಾಗಿದೆ. ಹದಿಹರೆಯದವರಂತೂ ಅಪ್ಪ ಅಮ್ಮನ ಜೊತೆ ಕ್ಯಾಂಪಿಗೆ ಬಂದರೂ ಬಟ್ಟೆ ಸುತ್ತಿಕೊಂಡೇ ತಿರುಗುತ್ತಾರೆ. ಅವರನ್ನು ಯಾರೂ ಒತ್ತಾಯಿಸುವುದಿಲ್ಲ, ಒತ್ತಾಯಿಸಬಾರದು ಕೂಡ. ಯಾರೋ ಎಲ್ಲಿಂದಲೋ ಕ್ಲಿಕ್ಕಿಸಿಯಾರು ಎಂಬ ಅಂಜಿಕೆಯಲ್ಲೇ ಬೆಳೆದ ಪೀಳಿಗೆಗೆ ಯಾರೂ ನೋಡುತ್ತಿಲ್ಲ ಎಂಬ ಭರವಸೆಯನ್ನು ಮಾರುವುದು ಕಷ್ಟ.

ಜರ್ಮನಿಗೆ ಹೋದ ನಮ್ಮ ಕನ್ನಡದ ಹುಡುಗರು ಈ ಲೋಕಕ್ಕೆ ಮೊದಲು ಎದುರಾಗುವುದು ರೆಸಾರ್ಟಿನಲ್ಲಿ ಅಲ್ಲ, ಸೌನಾದಲ್ಲಿ. ಅಲ್ಲಿಯ ಹೆಚ್ಚಿನ ಸೌನಾಗಳಲ್ಲಿ ಗಂಡು ಹೆಣ್ಣು ಜೊತೆಗೇ ಕೂರುತ್ತಾರೆ, ಈಜುಡುಗೆಗೆ ಒಳಗೆ ಪ್ರವೇಶವಿಲ್ಲ. ನೈರ್ಮಲ್ಯ ಅದಕ್ಕೆ ಕೊಡುವ ಕಾರಣ. ಹುಬ್ಬಳ್ಳಿಯ ಹುಡುಗನೊಬ್ಬ ಆಫೀಸಿನ ಗೆಳೆಯರ ಜೊತೆ ಹೋಗಿ, ಚಡ್ಡಿಯ ಮೇಲೆ ಟವೆಲ್, ಟವೆಲ್ ಮೇಲೆ ಇನ್ನೊಂದು ಟವೆಲ್ ಸುತ್ತಿಕೊಂಡು ಬಾಗಿಲಲ್ಲೇ ನಿಂತ ಕಥೆಯನ್ನು ನಮ್ಮ ಯುಗಾದಿ ಕೂಟದಲ್ಲಿ ತಾನೇ ಅಭಿನಯಿಸಿ ತೋರಿಸಿದ. 'ಅಕ್ಕಾ, ಮ್ಯಾನೇಜರ್ ಎದುರಿಗೇ ಕುಂತಿದ್ರು. ಬೆಂಚಿನ ಮ್ಯಾಲ ಕುಂತ ಕೂಡ್ಲೇ ಮುಂದಿನ ವಾರದ ರಿಲೀಸಿನ ಬಗ್ಗೆ ಮಾತ್ ಶುರು ಮಾಡಿದ್ರು' ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಮ್ಯಾನೇಜರ್ ಅವನಿಗೆ ಉಪಕಾರ ಮಾಡಿದ್ದರು ಎಂದೇ ನನ್ನ ಅಭಿಪ್ರಾಯ. ಇಲ್ಲಿ ವಿಶೇಷವೇನೂ ನಡೆಯುತ್ತಿಲ್ಲ ಎಂದು ತಿಳಿಸಲು ಕೆಲಸದ ಮಾತಿಗಿಂತ ಒಳ್ಳೆಯ ದಾರಿ ಇರಲಿಲ್ಲ.

'ನಮ್ಮಲ್ಲೂ ಗೊಮ್ಮಟನಿಲ್ಲವೇ, ಅಕ್ಕಮಹಾದೇವಿ ಇಲ್ಲವೇ' ಎಂದು ಕೆಲವರು ಬರೆಯುತ್ತಾರೆ. ಇದ್ದಾರೆ. ಆದರೆ ಅವರನ್ನು ಈ ಕ್ಯಾಂಪಿಗೆ ಎಳೆದು ತರಬೇಡಿ. ಶ್ರವಣಬೆಳಗೊಳದ ಬಾಹುಬಲಿ, ಇಂದಿಗೂ ಬರಿಗಾಲಲ್ಲಿ ವಿಹಾರ ಮಾಡುವ ದಿಗಂಬರ ಮುನಿಗಳು, ಅಕ್ಕ, ಇವರೆಲ್ಲ ಬಟ್ಟೆಯ ಜೊತೆ ಮನೆ, ಆಸ್ತಿ, ನಂಟು ಎಲ್ಲವನ್ನೂ ಬಿಟ್ಟವರು. ಕೋವರ್ಸಾಡದ ಅತಿಥಿ ಎರಡು ವಾರ ಕಳೆದ ಮೇಲೆ ಬಟ್ಟೆ ಹಾಕಿಕೊಂಡು ಕಾರಿನ ಕಂತು ಕಟ್ಟಲು ಊರಿಗೆ ಮರಳುತ್ತಾನೆ. ಅವನಿಗೆ ಬೇಕಿರುವುದು ಬಿಡುವು, ವೈರಾಗ್ಯವಲ್ಲ. ಚಂದ್ರಗುತ್ತಿಯ ಬೆತ್ತಲೆ ಸೇವೆಯದ್ದಂತೂ ಬೇರೆಯೇ ಕಥೆ. ಅಲ್ಲಿ ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳು ನೆರೆದ ಜನಸಾಗರದ ಎದುರು ಬೆತ್ತಲೆ ನಡೆಯಬೇಕಿತ್ತು. 1986ರ ಗಲಭೆಯ ನಂತರ ಸರ್ಕಾರ ಅದನ್ನು ನಿಷೇಧಿಸಿದ್ದು ಸರಿಯಾಗಿಯೇ ಇತ್ತು. ಒಲ್ಲೆ ಎನ್ನಲಾಗದ ಕಡೆ ಬೆತ್ತಲೆ ಅವಮಾನವೇ ಸರಿ.

ಇನ್ನೊಂದು ಸಂಗತಿ ಹೇಳಿದರೆ ನಂಬುವುದು ಕಷ್ಟ. ಸಂಘ ಕಟ್ಟಿಕೊಂಡು ನೇಚರಿಸಂ ಆಚರಿಸಿದ ಮೊದಲಿಗರಲ್ಲಿ ಒಂದು ಗುಂಪು ಇದ್ದದ್ದು ನಮ್ಮ ನೆರೆಯಲ್ಲೇ. ಚಾರ್ಲ್ಸ್ ಎಡ್ವರ್ಡ್ ಗಾರ್ಡನ್ ಕ್ರಾಫರ್ಡ್ ಎಂಬ ಬ್ರಿಟಿಷ್ ನ್ಯಾಯಾಧೀಶ 1891ರಲ್ಲಿ ಮುಂಬೈ ಪಕ್ಕದ ಠಾಣೆಯಲ್ಲಿ 'ಫೆಲೋಶಿಪ್ ಆಫ್ ದ ನೇಕೆಡ್ ಟ್ರಸ್ಟ್' ಎಂಬ ಸಂಘ ಸ್ಥಾಪಿಸಿದ. ಧಾರವಾಡ, ಬೆಳಗಾವಿ, ಕಾರವಾರಗಳೂ ಸೇರಿದ್ದ ಆಗಿನ ಮುಂಬಯಿ ಪ್ರಾಂತದಲ್ಲಿ ಅವನ ನೌಕರಿ. ಸಂಘದ ಒಟ್ಟು ಸದಸ್ಯರು ಮೂವರು. ಕ್ರಾಫರ್ಡ್ ಮತ್ತು ಪಾದ್ರಿಯೊಬ್ಬರ ಇಬ್ಬರು ಗಂಡುಮಕ್ಕಳು. ಈ ವಿಷಯವೆಲ್ಲ ತಿಳಿದುಬಂದದ್ದು ಅವನು ಇಂಗ್ಲೆಂಡಿನ ಲೇಖಕ ಎಡ್ವರ್ಡ್ ಕಾರ್ಪೆಂಟರ್‌ಗೆ ಬರೆದ ಪತ್ರಗಳಿಂದ. ಮೂರೇ ಜನರಿದ್ದರೂ ಅವರು ನಿಯಮಾವಳಿಯನ್ನೂ ಮಾಡಿಕೊಂಡಿದ್ದರು! ದಿನವಿಡೀ ಕಾಲರು, ಕೋಟು, ನ್ಯಾಯಾಲಯದ ಗೌನು ಹೊತ್ತು ಕೊಂಕಣದ ಸೆಕೆಯಲ್ಲಿ ಬೆವರಿದವನ ಬಯಕೆಯನ್ನು ಕರಾವಳಿಯ ಓದುಗರು ಸುಲಭವಾಗಿ ಊಹಿಸಬಲ್ಲರು.

ಗೋಕರ್ಣದಲ್ಲಿ ಇಂಥದ್ದೊಂದು ಶುರುವಾದರೆ ಹೇಗೆ ಎಂದು ಉತ್ಸಾಹಿ ಓದುಗರೊಬ್ಬರು ಕೇಳಿದ್ದಾರೆ. ಕಾನೂನು ಒಪ್ಪುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವ ಅಶ್ಲೀಲ ವರ್ತನೆ ಹಿಂದೆ ದಂಡಸಂಹಿತೆಯ 294ನೇ ಕಲಮಿನಡಿ, ಈಗ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಡಿ ಅಪರಾಧ. ಮೂರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ನಟ ಮಿಲಿಂದ್ ಸೋಮನ್ 2020ರಲ್ಲಿ ಗೋವೆಯ ಕಡಲತೀರದಲ್ಲಿ ಬೆತ್ತಲೆ ಓಡಿದ ಫೋಟೊ ಹಾಕಿ ಪೊಲೀಸ್ ಕೇಸು ಮೈಮೇಲೆ ಎಳೆದುಕೊಂಡದ್ದು ನೆನಪಿರಬಹುದು. ಕಾನೂನಿಗಿಂತ ದೊಡ್ಡ ಅಡ್ಡಿ ಬೇರೆ ಇದೆ. ವಿದೇಶಿ ಹೆಣ್ಣುಮಗಳೊಬ್ಬಳು ಈಜುಡುಗೆ ತೊಟ್ಟು ಮಲಗಿದರೆ ಸಾಕು, ಹತ್ತು ಹೆಜ್ಜೆ ದೂರದಲ್ಲಿ ಗುಂಪು ಕಟ್ಟಿ ಸೆಲ್ಫಿಯ ನೆಪದಲ್ಲಿ ಫೋನು ತಿರುಗಿಸುವವರು ನಮ್ಮ ಕಡಲತೀರಗಳಲ್ಲಿದ್ದಾರೆ. ನೋಡದೆ ಇರುವ ಶಿಸ್ತು ಜರ್ಮನ್ನರಿಗೆ ನೂರಕ್ಕೂ ಹೆಚ್ಚು ವರ್ಷದ ರೂಢಿಯಿಂದ ಬಂದದ್ದು. ನಾವು ಮೊದಲು ಬಟ್ಟೆ ಹಾಕಿಕೊಂಡವರನ್ನು ನೋಡದೆ ಇರುವುದನ್ನು ಕಲಿತರೆ ಸಾಕು.

ಯುರೋಪಿಗೆ ಹೋಗುವವರಿದ್ದು, ಒಮ್ಮೆ ನೋಡಿಯೇ ಬಿಡೋಣ ಎಂಬ ಮನಸ್ಸಿದ್ದರೆ ಎರಡು ಮಾತು. ಬುಕ್ ಮಾಡುವ ಮುನ್ನ ಆ ತಾಣದ ನಿಯಮಗಳ ಹಾಳೆಯನ್ನು ತರಿಸಿಕೊಂಡು ಓದಿ. ಫೋಟೊ, ಮಕ್ಕಳು, ಒಂಟಿ ಅತಿಥಿಗಳು, ಸಾರ್ವಜನಿಕ ವರ್ತನೆ, ಈ ನಾಲ್ಕರ ಬಗ್ಗೆ ಸ್ಪಷ್ಟವಾಗಿ ಬರೆದಿದ್ದರೆ ಒಳ್ಳೆಯ ಜಾಗ. 'ಇಲ್ಲಿ ಯಾವ ಕಟ್ಟಳೆಯೂ ಇಲ್ಲ, ಸಂಪೂರ್ಣ ಸ್ವಾತಂತ್ರ್ಯ' ಎಂದು ಜಾಹೀರಾತು ಕೊಡುವ ಕಡೆಗೆ ಕುಟುಂಬ ಸಮೇತ ಖಂಡಿತ ಹೋಗಬೇಡಿ. ಹೋದ ಕಡೆ ಫೋನನ್ನು ಕೋಣೆಯಲ್ಲೇ ಬಿಡಿ, ಟವೆಲ್ ಮರೆಯಬೇಡಿ, ಇದುವರೆಗೂ ಬಿಸಿಲು ಕಾಣದ ಭಾಗಗಳಿಗೆ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿ. ಹೋಗುವ ಮನಸ್ಸಿಲ್ಲದಿದ್ದರೆ ಅದಕ್ಕಾಗಿ ಯಾರೂ ನಿಮ್ಮನ್ನು ಹಿಂದುಳಿದವರು ಎನ್ನುವುದಿಲ್ಲ. ನಾನಂತೂ ನನ್ನ ಹತ್ತಿಬಟ್ಟೆಯನ್ನು ಪೂರ್ತಿ ಬಿಟ್ಟಿದ್ದು ನೀರಿಗಿಳಿಯುವಾಗ ಮಾತ್ರ, ಮತ್ತು ಅದನ್ನು ಯಾರೂ ಗಮನಿಸಲಿಲ್ಲ.